ಒತ್ತಿಟ್ಟ ಹೂವು ಕಪ್ಪಾಗುವುದು ಯಾಕೆ? ಹಬ್ಬದ ಕಾರ್ಡ್ ಕೈಯಲ್ಲೇ ಮಾಡುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು, ನಿವೃತ್ತ ಶಾಲಾ ಶಿಕ್ಷಕಿ. ದೀಪಾವಳಿಗೆ, ಸಂಕ್ರಾಂತಿಗೆ ಅಂಗಡಿ ಕಾರ್ಡ್ ತರುವುದು ಬಿಟ್ಟು ಮನೆ ಹಿತ್ತಲಿನ ಹೂವು, ಎಲೆ ಒತ್ತಿಟ್ಟು ಕೈಯಲ್ಲೇ ಕಾರ್ಡ್ ಮಾಡುತ್ತಿದ್ದೇನೆ. ಕಳೆದ ಸಲ ಆಗಸ್ಟ್‌ನಲ್ಲೇ ದಾಸವಾಳ, ಶಂಖಪುಷ್ಪ, ಗುಲಾಬಿ ಎಲ್ಲ ದಪ್ಪ ಪುಸ್ತಕದಲ್ಲಿಟ್ಟೆ. ದಾಸವಾಳ ಕಪ್ಪಾಗಿ ಹಾಳೆಗೆ ಅಂಟಿಕೊಂಡಿತು, ಗುಲಾಬಿಗೆ ಬೂಸ್ಟು ಬಂತು. ಉಳಿದದ್ದನ್ನು ಫೆವಿಕಾಲ್ ಹಾಕಿ ಅಂಟಿಸಿದರೆ ಕಾರ್ಡೇ ಸುಕ್ಕುಗಟ್ಟಿತು. ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಅವಳಿಗೆ ಕಳಿಸಿದ ಸಂಕ್ರಾಂತಿ ಕಾರ್ಡಿನಲ್ಲಿ ಎಳ್ಳು ಅಂಟಿಸಿದ್ದೆ. ಕವರ್ ಒಡೆದು ಒಳಗೊಂದು ನೋಟಿಸ್ ಇಟ್ಟು ಕೊಟ್ಟರಂತೆ, ಕಾರ್ಡ್ ಇರಲಿಲ್ಲವಂತೆ. ಉಪ್ಪು ಹಾಕಿ ಒತ್ತಿ, ಇಸ್ತ್ರಿ ಮಾಡಿ, ಮೇಲೆ ವಾರ್ನಿಷ್ ಹೊಡೆಯಿರಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇನ್ನೊಂದು ಚಿಂತೆ: ಹೊಸದೇನೂ ಹೊಳೆಯುವುದಿಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ಬರೀ ಹಿಮ, ಪೈನ್ ಮರ. ಚಿತ್ರ ಬರೆಯಲು ನನಗೆ ಬರುವುದಿಲ್ಲ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ನೀವು ಬರೆದ ತೊಂದರೆಗಳಲ್ಲಿ ಒಂದೂ ಕೈಗುಣದ್ದಲ್ಲ. ಕೆಲವು ಹೂವಿನದು, ಕೆಲವು ಮಳೆಗಾಲದ್ದು, ಒಂದು ಆಸ್ಟ್ರೇಲಿಯಾ ಸರ್ಕಾರದ್ದು.

ನನ್ನ ಕೆಲಸ ಹರ್ಬೇರಿಯಂನದು. ಸಸ್ಯಶಾಸ್ತ್ರದವರಿಗಾಗಿ ಗಿಡಗಳನ್ನು ಒತ್ತಿ, ಒಣಗಿಸಿ, ಹಾಳೆಗೆ ಹೊಲಿದು ಕಾಪಾಡುವ ಕೆಲಸ. ಬಿಡುವಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಕಾರ್ಡ್ ಮಾಡಲು ಹೇಳಿಕೊಡುತ್ತೇನೆ. ಈ ಕೆಲಸದಲ್ಲಿ ಮೊದಲು ಕಲಿಯುವುದು ಒಂದೇ. ಇವತ್ತು ಗಿಡದ ಮೇಲೆ ಚಂದ ಕಾಣುವುದು ಬೇರೆ, ಒಣಗಿದ ಮೇಲೆ ಉಳಿಯುವುದು ಬೇರೆ. ಬಣ್ಣ ಹೋಗುತ್ತದೆ, ಆಕಾರ ಮತ್ತು ನರ ಉಳಿಯುತ್ತವೆ. ಇಟಲಿಯಲ್ಲಿ 1500ರ ದಶಕಗಳಲ್ಲಿ ಒತ್ತಿಟ್ಟ ಗಿಡಗಳು ಇವತ್ತಿಗೂ ಇವೆ. ಹೆಚ್ಚಿನವು ಕಂದು ಬಣ್ಣಕ್ಕೆ ತಿರುಗಿವೆ, ಆದರೆ ಎಲೆಯ ಹಲ್ಲು, ನರದ ಕವಲು ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ನೀವು ಬಣ್ಣ ನೋಡಿ ಹೂವು ಆರಿಸಿದಿರಿ. ಅದೂ ಬಣ್ಣ ಬೇಗ ಬಿಡುವ ಹೂವುಗಳನ್ನೇ ಆರಿಸಿದಿರಿ.

ದಾಸವಾಳದ ವಿಷಯ ನೋಡೋಣ. ಅದರ ಕೆಂಪು, ಶಂಖಪುಷ್ಪದ ನೀಲಿ, ಗುಲಾಬಿಯ ಗುಲಾಬಿ ಬಣ್ಣ ಎಲ್ಲ ಆಂಥೋಸಯಾನಿನ್ ಅನ್ನುವ ಒಂದೇ ಕುಟುಂಬದ ಬಣ್ಣಗಳು. ಹುಳಿ ಜಾಸ್ತಿಯಾದರೆ ಒಂದು ಬಣ್ಣ, ಕ್ಷಾರ ಜಾಸ್ತಿಯಾದರೆ ಇನ್ನೊಂದು. ಶಂಖಪುಷ್ಪದ ನೀರಿಗೆ ನಿಂಬೆರಸ ಹಿಂಡಿದರೆ ನೇರಳೆ, ಗುಲಾಬಿ ಆಗುವುದನ್ನು ಶಾಲೆಯಲ್ಲಿ ಮಕ್ಕಳಿಗೆ ತೋರಿಸಿರುತ್ತೀರಿ. ಹೂವು ಸಾಯುವಾಗ ಜೀವಕೋಶದ ಒಳಗಿನ ರಸಗಳೆಲ್ಲ ಒಂದರೊಳಗೊಂದು ಬೆರೆಯುತ್ತವೆ. ಜೊತೆಗೆ ಒಂದು ಕಿಣ್ವ ಗಾಳಿಯೊಂದಿಗೆ ಸೇರಿ ಎಲ್ಲವನ್ನೂ ಕಂದು ಮಾಡುತ್ತದೆ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಇಟ್ಟರೆ ಕಪ್ಪಾಗುತ್ತಲ್ಲ, ಅದೇ ಕಿಣ್ವ, ಅದೇ ಕೆಲಸ. ಒಣಗುವುದು ನಿಧಾನವಾದಷ್ಟೂ ಅದಕ್ಕೆ ಸಮಯ ಸಿಗುತ್ತದೆ. ದಾಸವಾಳದಲ್ಲಿ ಲೋಳೆ ಬೇರೆ ಇದೆ. ತಲೆಗೆ ಹಚ್ಚಲು ದಾಸವಾಳದ ಸೊಪ್ಪು ಅರೆದವರಿಗೆ ಅದು ಗೊತ್ತು. ಆ ಲೋಳೆಯೇ ನಿಮ್ಮ ಪುಸ್ತಕದ ಹಾಳೆಗೆ ಅಂಟಿದ್ದು.

ಬಣ್ಣ ಹಿಡಿದುಕೊಳ್ಳುವ ಹೂವು ಬೇಕೇ ಬೇಕು ಅಂದರೆ ಹಳದಿ, ಕೇಸರಿ ಕಡೆ ಹೋಗಿ. ಚೆಂಡು ಹೂವಿನ ಬಣ್ಣ ಕ್ಯಾರೊಟಿನಾಯ್ಡ್ ಜಾತಿಯದು, ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಇಡೀ ಹೂವು ಒತ್ತಬೇಡಿ, ತೊಟ್ಟಿನ ದಪ್ಪದಲ್ಲಿ ನೀರು ಉಳಿದು ಬೂಸ್ಟು ಬರುತ್ತದೆ. ಎಸಳು ಬಿಡಿಸಿ ಒಂದೊಂದಾಗಿ ಒತ್ತಿ, ಕಾರ್ಡ್ ಮೇಲೆ ಮತ್ತೆ ಜೋಡಿಸಿ. ಹಳದಿ ಸೇವಂತಿಗೆಗೂ ಇದೇ ಕ್ರಮ. ಬೋಗನ್‌ವಿಲ್ಲಾ ಇನ್ನೂ ಒಳ್ಳೆಯದು. ಸುಮ್ನೆ ಅದಕ್ಕೆ ಕಾಗದದ ಹೂವು ಅನ್ನುವುದಿಲ್ಲ. ನಾವು ಎಸಳು ಅಂದುಕೊಳ್ಳುವುದು ಅಲ್ಲಿ ನಿಜವಾಗಿ ಎಲೆ. ನೀರಿನಂಶ ಕಡಿಮೆ, ಬಣ್ಣದ ಜಾತಿಯೂ ಬೇರೆ. ಮಲ್ಲಿಗೆ, ಪಾರಿಜಾತ ಎರಡನ್ನೂ ದೇವರಿಗೇ ಬಿಡಿ, ಒತ್ತಿದರೆ ಕಂದು ಕಲೆಯಷ್ಟೇ ಉಳಿಯುವುದು.

ಈಗ ನಿಮಗೆ ಸಿಕ್ಕ ಸಲಹೆಗಳು. ಉಪ್ಪು ಹಾಕಬೇಡಿ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಆಗಸ್ಟ್‌ನಲ್ಲಿ ಉಪ್ಪಿನ ಡಬ್ಬಿ ನೀರಾಡುವುದನ್ನು ನೀವೇ ನೋಡಿದ್ದೀರಿ. ಇಸ್ತ್ರಿ ಪೆಟ್ಟಿಗೆಯ ಸಲಹೆಯಲ್ಲಿ ಅರ್ಧ ಸತ್ಯ ಇದೆ. ಬಿಸಿ ಆ ಕಿಣ್ವವನ್ನು ಕೊಲ್ಲುತ್ತದೆ, ನೀರನ್ನೂ ಬೇಗ ಓಡಿಸುತ್ತದೆ. ಆದರೆ ತೆಳು ಎಲೆ, ತೆಳು ಎಸಳಿಗೆ ಮಾತ್ರ. ಎರಡು ಬಿಳಿ ಹಾಳೆಯ ನಡುವೆ ಇಟ್ಟು, ಹಬೆ ಬಂದ್ ಮಾಡಿ, ಕಡಿಮೆ ಬಿಸಿಯಲ್ಲಿ ಹತ್ತು ಸೆಕೆಂಡ್ ಒತ್ತಿ ಬಿಡಿ, ಆರಲಿ, ಮತ್ತೆ ಒತ್ತಿ. ಉಜ್ಜಬೇಡಿ. ಬಿಸಿ ಜಾಸ್ತಿಯಾದರೆ ಸುಟ್ಟ ಕಂದು ಬರುತ್ತದೆ. ವಾರ್ನಿಷ್, ಹೇರ್ ಸ್ಪ್ರೇ ಬಣ್ಣವನ್ನೂ ಕಾಯುವುದಿಲ್ಲ, ಹುಳವನ್ನೂ ತಡೆಯುವುದಿಲ್ಲ. ಒಳಗೆ ಸ್ವಲ್ಪ ತೇವ ಇದ್ದರೂ ಅದನ್ನು ಅಲ್ಲೇ ಕೂಡಿಹಾಕುತ್ತವೆ. ಲ್ಯಾಮಿನೇಷನ್ ಕೂಡ ಹಾಗೇ.

ಇನ್ನು ದಪ್ಪ ಪುಸ್ತಕ. ಭಾರ ಜಾಸ್ತಿ ಇದ್ದಷ್ಟೂ ಚೆನ್ನಾಗಿ ಒಣಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಭಾರ ಎಲೆಯನ್ನು ಚಪ್ಪಟೆ ಇಡುತ್ತದೆ, ಅಷ್ಟೇ. ಒಣಗಿಸುವುದು ಕಾಗದ. ನೀರು ಕುಡಿದು ಒದ್ದೆಯಾದ ಕಾಗದ ಮತ್ತೆ ನೀರು ಕುಡಿಯುವುದಿಲ್ಲ, ಅದಕ್ಕೇ ಅದನ್ನು ಬದಲಾಯಿಸುತ್ತಲೇ ಇರಬೇಕು. ಎಲೆಯ ಎರಡೂ ಕಡೆ ತೆಳುವಾದ ಬಿಳಿ ಹಾಳೆ, ಅದರಾಚೆ ನಾಲ್ಕೈದು ಮಡಿಕೆ ಹಳೇ ನ್ಯೂಸ್ ಪೇಪರ್ ಇಡಿ. ನುಣುಪು ಹಾಳೆಯ ಮ್ಯಾಗಜಿನ್ ಆಗುವುದಿಲ್ಲ. ಮೊದಲ ಮೂರ್ನಾಲ್ಕು ದಿನ ದಿನಾ ನ್ಯೂಸ್ ಪೇಪರ್ ಬದಲಾಯಿಸಿ, ಆಮೇಲೆ ದಿನ ಬಿಟ್ಟು ದಿನ. ಎಲೆಯನ್ನು ಅಲುಗಿಸಬೇಡಿ, ಹೊರಗಿನ ಪೇಪರ್ ಮಾತ್ರ ತೆಗೆಯಿರಿ.

ಒಣಗಿದೆಯೋ ಇಲ್ಲವೋ ನೋಡಲು ನಾವು ಮಾಡುವ ಪರೀಕ್ಷೆ ಇದು. ಎಲೆಯನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನ್ನಿಸಿದರೆ ಇನ್ನೂ ನೀರು ಆರುತ್ತಿದೆ ಅಂತ ಅರ್ಥ. ತಣ್ಣಗೂ ಅಲ್ಲದೆ ಬಿಸಿಯೂ ಅಲ್ಲದೆ ಬರೀ ಕಾಗದ ತಾಗಿದ ಹಾಗಿದ್ದರೆ ಆಯಿತು. ತೊಟ್ಟು ಹಿಡಿದು ಎತ್ತಿದಾಗ ಎಲೆ ಬಾಗದೆ ನೆಟ್ಟಗೆ ನಿಲ್ಲಬೇಕು. ಕಣ್ಣಿಗೆ ಒಣಗಿದಂತೆ ಕಂಡು ಕೆನ್ನೆಗೆ ತಣ್ಣಗಿರುವ ಎಲೆಯೇ ಕವರ್‌ನೊಳಗೆ ಹೋಗಿ ಬೂಸ್ಟು ಬರಿಸುವುದು.

ಆದರೂ ಮಳೆ ಹಿಡಿದಿರುವಾಗ ಸಾಗರದಲ್ಲಿ ಗಾಳಿಯೇ ಒದ್ದೆ. ಪೇಪರ್ ಎಷ್ಟು ಬದಲಾಯಿಸಿದರೂ ಅದೂ ಒದ್ದೆಯೇ. ಬಲ್ಬ್ ಹಚ್ಚಿದ ಪೆಟ್ಟಿಗೆಯಲ್ಲಿ ಒಣಗಿಸುವವರಿದ್ದಾರೆ, ಪೇಪರ್‌ಗೆ ಬೆಂಕಿ ಹತ್ತುವ ಭಯ ಇರುವುದರಿಂದ ಮನೆಯಲ್ಲಿ ಬೇಡ ಅನ್ನುತ್ತೇನೆ. ಅದರ ಬದಲು ಕೆಲಸದ ಕಾಲವನ್ನೇ ಬದಲಾಯಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲೂ ಇದೆ, ಒಣಗಾಳಿಯೂ ಇದೆ. ಆಗ ಒತ್ತಿ ಇಟ್ಟುಕೊಂಡರೆ ಮುಂದಿನ ದೀಪಾವಳಿಗೂ ಆಗುತ್ತದೆ. ಒಣಗಿದ ಎಲೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಲ್ಲಿ ಇಡಿ. ಡಬ್ಬಿಗೆ ಹಾಕುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ಹುಳ, ಮೊಟ್ಟೆ ಸಾಯುತ್ತವೆ. ಹರ್ಬೇರಿಯಂಗಳಲ್ಲೂ ಹೀಗೇ ಮಾಡುತ್ತಾರೆ. ಹೊರತೆಗೆದ ಮೇಲೆ ಚೀಲ ರೂಮಿನ ಬಿಸಿಗೆ ಬರುವ ತನಕ ಬಿಚ್ಚಬೇಡಿ, ಇಲ್ಲದಿದ್ದರೆ ಎಲೆ ಬೆವರುತ್ತದೆ.

ಕರಿಬೇವು, ಹುಣಸೆ ಥರದ ಎಲೆ ಒತ್ತುವವರಿಗೆ ಒಂದು ಕಿವಿಮಾತು. ಸಣ್ಣ ಸಣ್ಣ ಎಲೆ ಜೋಡಿಸಿದಂತಿರುವ ಇವು ಒಣಗುವಾಗ ಒಂದೊಂದೇ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಕಿತ್ತ ಎಲೆ ಒಳಗೊಳಗೇ ಬದುಕಿದ್ದು, ಬೀಳುವ ಸಿದ್ಧತೆ ನಡೆಸುತ್ತಿರುತ್ತದೆ. ಒತ್ತುವ ಮೊದಲು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬಟ್ಟೆಯಲ್ಲಿ ಒರೆಸಿ ಒತ್ತಿ. ಉದುರುವುದು ತುಂಬಾ ಕಡಿಮೆಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ದಸರೆಗೆ ಬನ್ನಿ ಎಲೆ ಕೈಗಿಟ್ಟು ಬಂಗಾರದ ಹಾಗೆ ಇರೋಣ ಅನ್ನುತ್ತಾರೆ. ಆ ಬನ್ನಿಯನ್ನು ಕಾರ್ಡ್‌ನಲ್ಲಿಟ್ಟು ಕಳಿಸಲು ಇಷ್ಟಪಡುವವರೂ ಹೀಗೇ ಮಾಡಬಹುದು.

ಫೆವಿಕಾಲ್ ತಪ್ಪಲ್ಲ, ಪ್ರಮಾಣ ತಪ್ಪು. ಅದು ನೀರಿನ ಅಂಟು. ಎಲೆಯ ಹಿಂದೆ ಪೂರ್ತಿ ಬಳಿದರೆ ಕಾಗದ ನೀರು ಕುಡಿದು ಹಿಗ್ಗುತ್ತದೆ, ಎಲೆ ಹಿಗ್ಗುವುದಿಲ್ಲ, ಸುಕ್ಕು ಬೀಳುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ನಡುನರದ ಮೇಲೆ ಎರಡು ಕಡೆ, ತುದಿಯಲ್ಲಿ ಒಂದು ಕಡೆ ಇಟ್ಟರೆ ಸಾಕು. ಅಥವಾ ಅಂಟೇ ಬೇಡ. ನಾವು ದಪ್ಪ ಕಡ್ಡಿಗಳನ್ನು ದಾರದಲ್ಲಿ ಹಾಳೆಗೆ ಹೊಲಿಯುತ್ತೇವೆ. ನಿಮ್ಮಲ್ಲಿ ಹೂವು ಕಟ್ಟುವ ಬಾಳೆನಾರು ಇದ್ದೇ ಇರುತ್ತದೆ. ಅದನ್ನು ಸೀಳಿ ಸೂಜಿಗೆ ಪೋಣಿಸಿ ತೊಟ್ಟಿನ ಮೇಲೆ ಒಂದು ಹೊಲಿಗೆ ಹಾಕಿ, ಹಿಂದೆ ಗಂಟು ಕಟ್ಟಿ. ನೋಡಲೂ ಚಂದ. ಕಾರ್ಡಿಗೆ ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ ಸಿಕ್ಕರೆ ಅದೇ ತೆಗೆದುಕೊಳ್ಳಿ. ಹೊಲಿಗೆಗೆ ಹರಿಯುವುದಿಲ್ಲ, ಬೇಗ ಹಳದಿಯಾಗುವುದಿಲ್ಲ.

ಮೆಲ್ಬರ್ನ್ ಕಾರ್ಡಿನದು ಇದಕ್ಕಿಂತ ಸರಳ. ಆಸ್ಟ್ರೇಲಿಯಾದಲ್ಲಿ ಹೊರದೇಶದ ಅಂಚೆಯನ್ನು ಕೀಟ, ಕಳೆ, ರೋಗ ಬರದಂತೆ ತಪಾಸಣೆ ಮಾಡುತ್ತಾರೆ. ಬೀಜದ ಬಗ್ಗೆ ತುಂಬಾ ಬಿಗಿ. ಎಳ್ಳು ಬೀಜವೇ ಅಲ್ವಾ? ಒಣ ಎಲೆ, ಹೂವನ್ನೂ ಹಿಡಿದಿಟ್ಟುಕೊಳ್ಳಬಹುದು, ನಾಶ ಮಾಡಬಹುದು. ನ್ಯೂಜಿಲೆಂಡ್ ಕೂಡ ಅಷ್ಟೇ ಕಟ್ಟುನಿಟ್ಟು. ವಾದ ಮಾಡಿ ಪ್ರಯೋಜನವಿಲ್ಲ. ಅವರ ರೈತರ ದೃಷ್ಟಿಯಿಂದ ಅದು ಸರಿಯೂ ಹೌದು. ಎಳ್ಳು ಅಂಟಿಸಿದ ಕಾರ್ಡ್ ಇಲ್ಲಿಯವರಿಗೇ ಇರಲಿ. ಇಲ್ಲೂ ಉಬ್ಬಿದ ವಸ್ತುವಿನ ಮೇಲೆ ಅಂಚೆ ಮೊಹರು ಬಿದ್ದರೆ ಪುಡಿಯಾಗುತ್ತದೆ ಅನ್ನುವುದು ನೆನಪಿರಲಿ. ಮಗಳಿಗೆ ಗಿಡ ಕಳಿಸುವ ಬದಲು ಗಿಡದ ಅಚ್ಚು ಕಳಿಸಿ. ಬರೀ ಕಾಗದ ಮತ್ತು ಬಣ್ಣಕ್ಕೆ ಆ ತಕರಾರು ಬರುವುದಿಲ್ಲ.

ನನ್ನ ಮಟ್ಟಿಗೆ ಅಚ್ಚಿನ ಕಾರ್ಡೇ ಒತ್ತಿದ ಹೂವಿನದಕ್ಕಿಂತ ಮೇಲು. ಮಳೆಗಾಲದಲ್ಲೂ ಆಗುತ್ತದೆ, ಹುಳ ತಿನ್ನುವುದಿಲ್ಲ, ಒಂದೇ ಎಲೆಯಲ್ಲಿ ಹಲವು ಕಾರ್ಡ್ ಬರುತ್ತವೆ. ಚಿತ್ರ ಬರೆಯಲು ಬರಬೇಕಾಗಿಲ್ಲ, ಗೆರೆಯೆಲ್ಲ ಎಲೆಯದೇ. ಎಲೆಯ ಬೆನ್ನು ಮೇಲೆ ಮಾಡಿ, ನರ ಉಬ್ಬಿರುವುದು ಅಲ್ಲೇ. ಪೋಸ್ಟರ್ ಬಣ್ಣವನ್ನು ಬಹಳ ಕಡಿಮೆ ನೀರಿನಲ್ಲಿ ಕಲಸಿ ಸ್ಪಂಜಿನಿಂದ ತಟ್ಟಿ. ಬ್ರಷ್‌ನಲ್ಲಿ ಬಳಿದರೆ ಬಣ್ಣ ನರದ ಸಂದಿಗೆ ತುಂಬಿಕೊಳ್ಳುತ್ತದೆ. ಬಣ್ಣದ ಮುಖ ಕೆಳಗೆ ಮಾಡಿ ಕಾರ್ಡಿನ ಮೇಲಿಟ್ಟು, ಮೇಲೊಂದು ಹಾಳೆ ಹಾಕಿ, ನಡುನರದಿಂದ ಅಂಚಿನ ಕಡೆಗೆ ಬೆರಳಿನಿಂದ ಒತ್ತುತ್ತಾ ಹೋಗಿ. ತೊಟ್ಟು ಹಿಡಿದು ಒಂದೇ ಸಲ ಎತ್ತಿ. ಮೊದಲ ಅಚ್ಚು ಮುದ್ದೆಯಾಗಿ ಬರುತ್ತದೆ, ಎರಡನೆಯದು, ಮೂರನೆಯದು ಚೆನ್ನಾಗಿ ಬರುತ್ತವೆ. ಪೇರಲೆ ಎಲೆಯಿಂದ ಶುರು ಮಾಡಿ, ಅದರ ಬೆನ್ನಿನ ನರದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಬೇಗ ಅಚ್ಚಾಗುವುದಿಲ್ಲ. ಕೆಸುವಿನ ಎಲೆ ಬೇಡ. ಅದರ ಮೇಲೆ ನೀರು ನಿಲ್ಲದ ಹಾಗೆ ಬಣ್ಣವೂ ನಿಲ್ಲುವುದಿಲ್ಲ.

ಅಡಿಕೆ ಸೀಮೆಯಲ್ಲಿದ್ದುಕೊಂಡು ಬಣ್ಣವನ್ನೂ ಅಂಗಡಿಯಿಂದಲೇ ತರಬೇಕಾಗಿಲ್ಲ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ನೀರು, ಅದೇ ಚೊಗರು ಇದೆಯಲ್ಲ, ಅದು ಗಟ್ಟಿ ಬಣ್ಣ. ನಿಮ್ಮ ತಾಲ್ಲೂಕಿನ ಹೆಗ್ಗೋಡಿನಲ್ಲಿ ಚರಕ ಸಂಸ್ಥೆಯವರು ಅದರಿಂದಲೇ ಬಟ್ಟೆಗೆ ಬಣ್ಣ ಹಾಕುತ್ತಾರೆ. ಅರಿಶಿನದ ಹಳದಿ ಬಿಸಿಲಿಗೆ ಬೇಗ ಹೋಗಿಬಿಡುತ್ತದೆ, ಚೊಗರಿನ ಕೆಂಗಂದು ಹಾಗಲ್ಲ. ಚೊಗರನ್ನು ಸೋಸಿ, ನೀರು ಬೆರೆಸಿ, ಕಾರ್ಡಿಗೆ ತೆಳುವಾಗಿ ಬಳಿದು ಒಣಗಿಸಿ. ಇನ್ನೊಂದು ಕಡೆ ಗಾಜಿನ ಬಾಟಲಿಯಲ್ಲಿ ವಿನಿಗರ್ ಹಾಕಿ ತುಕ್ಕು ಮೊಳೆಗಳನ್ನು ಒಂದು ವಾರ ಬಿಡಿ, ಮುಚ್ಚಳ ಸಡಿಲವಾಗಿರಲಿ. ಆ ನೀರನ್ನು ಎಲೆಯ ಬೆನ್ನಿಗೆ ಸ್ಪಂಜಿನಿಂದ ತಟ್ಟಿ, ಚೊಗರು ಬಳಿದ ಕಾಗದದ ಮೇಲೆ ಒತ್ತಿ. ತಟ್ಟುವಾಗ ಬಣ್ಣ ಅಷ್ಟೇನೂ ಇರುವುದಿಲ್ಲ. ಕಾಗದಕ್ಕೆ ತಾಗಿದಲ್ಲಿ ಚೊಗರಿನ ಟ್ಯಾನಿನ್, ಅಂದರೆ ಅದರ ಒಗರಿನ ಅಂಶ, ಕಬ್ಬಿಣದ ಜೊತೆ ಸೇರಿ ನಿಮ್ಮ ಕಣ್ಣೆದುರೇ ಬೂದು, ಆಮೇಲೆ ಕಪ್ಪಾಗುತ್ತದೆ. ಪೇರಲೆ ಎಲೆಯ ಒಂದೊಂದು ನರವೂ ಕೆಂಗಂದು ಕಾಗದದ ಮೇಲೆ ಕಪ್ಪಾಗಿ ಏಳುವುದನ್ನು ನೋಡುವ ಖುಷಿಯೇ ಬೇರೆ. ಕಬ್ಬಿಣದ ನೀರು ಕಡಿಮೆ ಇರಲಿ, ಜಾಸ್ತಿಯಾದರೆ ವರ್ಷಗಳು ಕಳೆದಂತೆ ಕಾಗದ ಅಲ್ಲಿ ಪುಡಿಯಾಗುತ್ತದೆ. ಕೈಗೆ ಗ್ಲೌಸ್ ಹಾಕಿ, ಬಾಟಲಿಯ ಮೇಲೆ ಹೆಸರು ಬರೆಯಿರಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಅರಳಿ ಎಲೆಯ ಜಾಲರಿ ಮಾಡುವ ಆಸೆ ಹಲವರಿಗಿದೆ, ನಿಮಗೂ ಇರಬಹುದು. ಬಲಿತ, ತೂತಿಲ್ಲದ ಎಲೆಯನ್ನು ನೀರಿನಲ್ಲಿ ಮೂರ್ನಾಲ್ಕು ವಾರ ಕೊಳೆಸಿ, ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ತಟ್ಟಿದರೆ ಹಸಿರು ಬಿಡುತ್ತದೆ, ಜಾಲರಿ ಉಳಿಯುತ್ತದೆ. ವಾಸನೆ ತಡೆಯಲಾಗುವುದಿಲ್ಲ, ಬಕೆಟ್ ಕೊಟ್ಟಿಗೆಯ ಆಚೆ ಇರಲಿ. ಬೇಗ ಆಗುತ್ತದೆ ಅಂತ ಕಾಸ್ಟಿಕ್ ಸೋಡಾದಲ್ಲಿ ಕುದಿಸುವ ವಿಧಾನ ಮನೆಗೆ ಖಂಡಿತ ಬೇಡ, ಚರ್ಮ, ಕಣ್ಣು ಸುಡುತ್ತದೆ.

ಕೆಲವನ್ನು ಮುಟ್ಟಲೇಬೇಡಿ. ರಸ್ತೆ ಬದಿಯ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ಚುಕ್ಕಿ ಚುಕ್ಕಿ ಬಿಳಿ ಹೂವಿನಿಂದ ಕಾರ್ಡಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಅದರಿಂದ ಕೈತುಂಬ ತುರಿ, ಕೆಲವರಿಗೆ ಉಬ್ಬಸ. ಗುಲಗಂಜಿ ಅಂಟಿಸಿದ ಕಾರ್ಡ್ ನೋಡಿದಾಗಲೆಲ್ಲ ನನಗೆ ಭಯವಾಗುತ್ತದೆ. ಮಗು ಒಂದು ಕಾಳು ಕಿತ್ತು ಅಗಿದರೂ ಜೀವಕ್ಕೆ ಅಪಾಯ. ಕಣಗಿಲೆ, ಅಗ್ನಿಶಿಖೆಯೂ ವಿಷವೇ. ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು ಸೀತಾಳೆ ದಂಡೆಯನ್ನು ಮರದಲ್ಲೇ ನೋಡಿ ಬನ್ನಿ. ನಿಮ್ಮ ಹತ್ತಿರದ ಶರಾವತಿ ಕಣಿವೆ ಅಭಯಾರಣ್ಯದ ಒಳಗಿಂದ ಎಲೆ, ಹೂವು ತರುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅಲ್ಲಿ ಪ್ರಾಣಿಯನ್ನಷ್ಟೇ ಅಲ್ಲ, ಗಿಡವನ್ನೂ ಕಾಯುತ್ತದೆ.

ಇನ್ನು ಹೊಳೆಯುವುದಿಲ್ಲ ಅನ್ನುವ ಮಾತು. ಹಿಮ, ಪೈನ್ ಮರ ಚಳಿ ದೇಶದವರ ಹಬ್ಬದ ದಿನ ಅವರ ಕಿಟಕಿಯಾಚೆ ಇರುವುದು. ಹಾಗಾಗಿ ಅವರ ಕಾರ್ಡಿನಲ್ಲಿ ಅವು ಬರುತ್ತವೆ. ದೀಪಾವಳಿಯ ದಿನ ನಿಮ್ಮ ಅಂಗಳದಲ್ಲಿ ಏನಿರುತ್ತದೆ? ದನಗಳ ಕೊರಳಲ್ಲಿ ಅಡಿಕೆ, ಚೆಂಡು ಹೂವಿನ ಸರ. ಒಂದು ಅಡಿಕೆಯನ್ನು ಅಡ್ಡಕ್ಕೆ ಕತ್ತರಿಸಿ ಬೆಳಕಿಗೆ ಹಿಡಿದು ನೋಡಿ. ಬಿಳಿಯ ಮೇಲೆ ಕಂದು ಗೆರೆಗಳು ಅಂಚಿನಿಂದ ಒಳಕ್ಕೆ ಹರಿದು, ಅರ್ಧದಲ್ಲೇ ಕವಲೊಡೆದು ನಿಲ್ಲುತ್ತವೆ. ಎರಡು ಅಡಿಕೆಯಲ್ಲಿ ಒಂದೇ ವಿನ್ಯಾಸ ಸಿಗುವುದಿಲ್ಲ. ಕಾರ್ಡಿನ ನಡುವೆ ಒಂದು ದೊಡ್ಡ ವೃತ್ತ ಹಾಕಿ ಆ ಗೆರೆಗಳನ್ನು ಚೊಗರಿನಲ್ಲೇ ಬಿಡಿಸಿ. ನಡುಗಿದ ಕೈಯ ಗೆರೆಯೂ ಅಲ್ಲಿ ಸರಿಹೋಗುತ್ತದೆ, ಅಡಿಕೆಯ ಗೆರೆಯೂ ನೆಟ್ಟಗಿಲ್ಲ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಮೂಲೆಯ ನಕ್ಷತ್ರ. ಅದು ದೀಪಾವಳಿಯ ಆಕಾಶಬುಟ್ಟಿಗೂ ಆಗುತ್ತದೆ, ಕ್ರಿಸ್‌ಮಸ್ ಆಚರಿಸುವ ಗೆಳತಿಗೂ ಆಗುತ್ತದೆ. ಮಲೆನಾಡಿನ ಹೊಳೆದಂಡೆ, ಧರೆಗಳಲ್ಲಿ ಬೆಳೆಯುವ ಬೆಳ್ಳಿ ಜರೀಗಿಡ ಗೊತ್ತಲ್ಲ, ಮಕ್ಕಳು ಎಲೆಯ ಬೆನ್ನನ್ನು ಕೈಗೆ ಹೊಡೆದು ಬಿಳಿ ಅಚ್ಚು ಮೂಡಿಸಿಕೊಳ್ಳುವುದು? ಕಪ್ಪು ಕಾರ್ಡಿನ ಮೇಲೂ ಹಾಗೇ ಒತ್ತಿ. ಪುಡಿ ಉದುರದಂತೆ ಅದರ ಮೇಲೆ ಮಾತ್ರ ತೆಳುವಾಗಿ ಫಿಕ್ಸೆಟಿವ್ ಸ್ಪ್ರೇ ಬೇಕು. ಸ್ಪ್ರೇ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಕಡೆ.

ಒಂದು ಹಬ್ಬಕ್ಕೆ ಒಂದೇ ಗಿಡ ಹಿಡಿಯಿರಿ. ಅದರ ಎಲೆಯ ಬೆನ್ನು, ಕಾಯಿಯ ಅಡ್ಡ ಕೊಯ್ತ, ಬೀಜದ ಜೋಡಣೆ, ಚಿಗುರಿನ ಮಡಿಕೆ ಎಲ್ಲವನ್ನೂ ಹತ್ತಿರದಿಂದ ನೋಡಿ. ಹತ್ತು ಗಿಡದ ಮೇಲೆ ಕಣ್ಣಾಡಿಸುವುದಕ್ಕಿಂತ ಇದರಲ್ಲಿ ಬೇಗ ಹೊಳೆಯುತ್ತದೆ. ನಾನು ಹೇಳಿಕೊಡುವ ತರಗತಿಗಳಲ್ಲಿ ಚಿತ್ರ ಬರುವುದಿಲ್ಲ ಅಂದುಕೊಂಡು ಬಂದವರ ಕಾರ್ಡುಗಳೇ ಎಷ್ಟೋ ಸಲ ಚೆನ್ನಾಗಿರುತ್ತವೆ. ಅವರು ಕಂಡದ್ದನ್ನು ಮಾತ್ರ ಹಾಕುತ್ತಾರೆ.

ಈ ಸಲ ಸಂಕ್ರಾಂತಿಗೆ ಮಗಳಿಗೆ ಚೊಗರಿನ ಕಾರ್ಡ್ ಕಳಿಸುವುದಾದರೆ, ಮೊದಲ ಅಡಿಕೆ ಬೇಯಿಸುವಾಗಲೇ ಒಂದು ಬಾಟಲಿ ಚೊಗರು ಎತ್ತಿಟ್ಟುಕೊಂಡು ನವೆಂಬರ್‌ನಲ್ಲೇ ಅಚ್ಚು ಮುಗಿಸಿ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಅಂಚೆಯ ರಾಶಿ ಇರುತ್ತದೆ, ತಿಂಗಳ ಮೊದಲ ವಾರದಲ್ಲೇ ಪೋಸ್ಟ್ ಮಾಡುವುದು ಒಳ್ಳೆಯದು. ಕಾರ್ಡ್ ಪೂರ್ತಿ ಒಣಗಿದೆಯಾ ಅಂತ ಕವರ್‌ಗೆ ಹಾಕುವ ಮೊದಲು ಅದನ್ನೂ ಒಮ್ಮೆ ಕೆನ್ನೆಗೆ ತಾಗಿಸಿ ನೋಡಿ.